ಮುಸುರೆ ಒಳಗೆ ಬಂದ ಬಗೆ

ಕಳೆದ ಬೇಸಗೆಯಲ್ಲಿ ಸಾಲಿಗ್ರಾಮದ ನಮ್ಮ ಮನೆಯ ಅಡುಗೆಮನೆಗೆ ಸಿಂಕು ಬಂತು. 24 ಇಂಚು ಉದ್ದ, 18 ಇಂಚು ಅಗಲ, 8 ಇಂಚು ಆಳದ ಸ್ಟೀಲಿನ ತೊಟ್ಟಿ. ಸಾಲಿಗ್ರಾಮ ಎಂದರೆ ಹೆಚ್ಚಿನವರಿಗೆ ಉಡುಪಿಯ ಕಡೆಯ, ಕೋಟದ ಪಕ್ಕದ ಊರು ನೆನಪಾಗುತ್ತದೆ. ನಮ್ಮದು ಅದಲ್ಲ. ಮೈಸೂರು ಜಿಲ್ಲೆಯದು, ಚುಂಚನಕಟ್ಟೆಯ ಜಲಪಾತಕ್ಕೆ ಹತ್ತಿರದ್ದು, ಕಾವೇರಿಯ ಎಡದಂಡೆಯ ಭತ್ತದ ಸೀಮೆಯದು. ನಾನು ಶಾಲೆಗೆ ಹೋಗುವಾಗ ಕೃಷ್ಣರಾಜನಗರ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು, ಈಗ ಅದೇ ಒಂದು ತಾಲ್ಲೂಕು.

ಸಿಂಕು ಕೂರಿಸುವುದು ಒಂದು ದಿನದ ಕೆಲಸ. ನಮ್ಮ ಮನೆಯಲ್ಲಿ ಅದಕ್ಕೆ ಹಿಡಿದದ್ದು ಸುಮಾರು ಹತ್ತು ವರ್ಷ. ದುಡ್ಡಿನ ತೊಂದರೆಯಲ್ಲ. ಕೊಳಾಯಿ ಕೆಲಸದ ಹುಡುಗ ಬಂದಾಗಲೆಲ್ಲ "ಎಲ್ಲಿ ಕೂರಿಸ್ಲಿ ಅಮ್ಮಾ?" ಎಂದು ಕೇಳುತ್ತಿದ್ದ. ಅಮ್ಮ "ಹಿತ್ತಲಲ್ಲಿ" ಅನ್ನುತ್ತಿದ್ದರು, ನಾವು ಮಕ್ಕಳು "ಅಡುಗೆಮನೆಯಲ್ಲಿ" ಅನ್ನುತ್ತಿದ್ದೆವು. ಅವನು ಟೀ ಕುಡಿದು ಹೋಗುತ್ತಿದ್ದ. ಅಮ್ಮನದು ಒಂದೇ ಮಾತು: "ಮುಸುರೆ ಒಳಗೆ ಬರೋದು ಬೇಡ." ಕೊನೆಗೆ ಅವರ ಮನಸ್ಸು ಬದಲಾಗಲು ಕಾರಣವಾದದ್ದು ನಮ್ಮ ವಾದವಲ್ಲ, ಅವರ ಮಂಡಿ. ಹಿತ್ತಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ.

ಆ ಹತ್ತು ವರ್ಷದ ತಡೆಯನ್ನು ನಾನು ಬಹಳ ದಿನ ಹಟ ಎಂದುಕೊಂಡಿದ್ದೆ. ಈಗ ಅದರ ಹಿಂದೆ ಒಂದು ಉದ್ದನೆಯ ಚರಿತ್ರೆ ಕಾಣುತ್ತದೆ. ಸಿಂಕು ಒಂದು ಪಾತ್ರೆ ತೊಳೆಯುವ ತೊಟ್ಟಿ ಮಾತ್ರವಾಗಿದ್ದರೆ ಯಾರೂ ಇಷ್ಟು ಜಗಳವಾಡುತ್ತಿರಲಿಲ್ಲ.

ಮುಸುರೆ ಎಂಬ ಮಾತನ್ನು ಕೇಳದೆ ಬೆಳೆದ ಓದುಗರೂ ಇರಬಹುದು. ಹಳೇ ಮೈಸೂರಿನ ಮನೆಗಳಲ್ಲಿ ಊಟವಾದ ಮೇಲೆ ತಿಕ್ಕಿ ತೊಳೆಯಬೇಕಾದದ್ದೆಲ್ಲ ಮುಸುರೆ. ಮಡಿಯ ಮನೆಗಳಲ್ಲಿ ಆ ಮಾತಿಗೆ ಇನ್ನೂ ಸೂಕ್ಷ್ಮವಾದ ಅರ್ಥವಿತ್ತು. ಬಾಯಿಗೆ ಸೋಕಿದ್ದು ಎಂಜಲು, ಬೆಂದ ಅನ್ನಕ್ಕೆ ಸೋಕಿದ್ದು ಮುಸುರೆ. ಯಾರೂ ತುತ್ತೆತ್ತದಿದ್ದರೂ ಅನ್ನದ ತಪ್ಪಲೆ ಮುಟ್ಟಿದ ಕೈ ಮುಸುರೆಯೇ. ಆ ಕೈಯನ್ನು ನೀರು ಮುಟ್ಟಿಸಿಕೊಳ್ಳದೆ ತುಪ್ಪದ ಗಿಂಡಿಗೋ ಉಪ್ಪಿನಕಾಯಿ ಭರಣಿಗೋ ತಗಲಿಸುವಂತಿರಲಿಲ್ಲ. ನನ್ನ ಅಜ್ಜಿ ಬಡಿಸುವಾಗ ಎಡಗೈ ಪಕ್ಕದಲ್ಲಿ ಒಂದು ಪಂಚಪಾತ್ರೆ ನೀರು ಸದಾ ಇರುತ್ತಿತ್ತು. ಯೋಚಿಸಿದರೆ ಅದೇ ನಮ್ಮ ಅಡುಗೆಮನೆಯ ಮೊದಲ ಸಿಂಕು.

ಮನೆಯ ನಕ್ಷೆಯೇ ಈ ವಿಂಗಡಣೆಯ ಮೇಲೆ ನಿಂತಿತ್ತು. ಅಡುಗೆಮನೆಯ ಪಕ್ಕಕ್ಕೆ ದೇವರ ಗೂಡು. ಅಡುಗೆಮನೆಯೊಳಗೆ ನೀರು ಬರುವುದಕ್ಕೆ ಕೊಡವಿತ್ತು, ನೀರು ಹೊರಗೆ ಹೋಗುವುದಕ್ಕೆ ಒಂದು ತೂತೂ ಇರಲಿಲ್ಲ. ಪಾತ್ರೆಗಳು ನಡುಮನೆ ದಾಟಿ, ತೊಟ್ಟಿಯ ಪಕ್ಕದಲ್ಲಿ ಸಾಗಿ, ಹಿತ್ತಲ ಬಾಗಿಲಿಂದಾಚೆ ಹೋಗಬೇಕು. ಅಲ್ಲೊಂದು ಚಪ್ಪಡಿ ಕಲ್ಲು, ಪಕ್ಕದಲ್ಲಿ ಬೂದಿಯ ಮಡಕೆ, ಹುಣಸೆಹಣ್ಣಿನ ಚರಟ, ತೆಂಗಿನ ನಾರು. ಹಿತ್ತಾಳೆಗೆ ಹುಣಸೆ, ಜಿಡ್ಡಿಗೆ ಸೀಗೆಪುಡಿ, ಉಳಿದದ್ದಕ್ಕೆಲ್ಲ ಬೂದಿ. ಬೂದಿಯಲ್ಲಿ ಕ್ಷಾರವಿರುತ್ತದೆ, ಅದು ಎಣ್ಣೆಯೊಂದಿಗೆ ಸೇರಿದರೆ ಅಲ್ಲೇ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಒಲೆಯೇ ಸಾಬೂನನ್ನೂ ಕೊಡುತ್ತಿತ್ತು. ಕಲ್ಲಿನಿಂದ ಹರಿದ ನೀರು ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಮಿಕ್ಕ ಅನ್ನವೆಲ್ಲ ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿಗೆ. ಚರಂಡಿಗೆ ಎನ್ನುವಂಥದ್ದು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ನಮ್ಮೂರಿನ ಹೆಸರಾಂತ ಕಥೆಗಳೂ ತೊಳೆದ ನೀರಿನ ಸುತ್ತಲೇ ಇವೆ ಎನ್ನುವುದು ನನಗೆ ಹೊಳೆದದ್ದು ಈ ಸಿಂಕಿನ ಗಲಾಟೆಯಲ್ಲಿ. ಚೋಳರಾಜನ ಕಾಟಕ್ಕೆ ಶ್ರೀರಂಗ ಬಿಟ್ಟು ಬಂದ ರಾಮಾನುಜರು ಮೇಲುಕೋಟೆಗೆ ಹೋಗುವ ಮುಂಚೆ ಸಾಲಿಗ್ರಾಮಕ್ಕೆ ಬಂದರು ಎಂದು ಶ್ರೀವೈಷ್ಣವರ ಗುರುಪರಂಪರೆಯ ಕಥೆ. ಊರಿನವರು ಅವರನ್ನು ಆದರಿಸಲಿಲ್ಲ. ಆಗ ರಾಮಾನುಜರು ತಮ್ಮ ಶಿಷ್ಯ ಮೊದಲಿಯಾಂಡಾನರಿಗೆ, ಊರವರು ನೀರು ತೆಗೆದುಕೊಳ್ಳುವ ಕೊಳದಲ್ಲಿ ಪಾದ ಅದ್ದಿ ಬರಲು ಹೇಳಿದರಂತೆ. ಆ ನೀರು ಕುಡಿದವರ ಮನಸ್ಸು ತಿರುಗಿತು. ಶ್ರೀಪಾದತೀರ್ಥದ ಕೊಳವನ್ನು ಇಂದಿಗೂ ಯಾತ್ರಿಕರು ನೋಡಲು ಬರುತ್ತಾರೆ. ಇದು ಚರಿತ್ರೆಯೋ ಭಕ್ತರ ಕಥನವೋ ಎಂಬ ಚರ್ಚೆ ಇಲ್ಲಿ ಬೇಡ. ನನ್ನನ್ನು ಹಿಡಿದು ನಿಲ್ಲಿಸುವುದು ಇದರ ತರ್ಕ: ಕಾಲು ತೊಳೆದ ನೀರು ತೀರ್ಥ, ತಟ್ಟೆ ತೊಳೆದ ನೀರು ಮುಸುರೆ. ನೀರು ಯಾರಿಗೆ ಸೋಕಿತು ಎಂಬುದರ ಮೇಲೆ ಅದರ ಜಾತಿ.

ಆ ಊರಿನಿಂದ ರಾಮಾನುಜರ ಹಿಂದೆ ಹೊರಟವನು ವಡುಗನಂಬಿ. ಅವನ ಕಥೆಗಳಂತೂ ಅಡುಗೆಮನೆಯ ಕಥೆಗಳು. ಶ್ರೀರಂಗದಲ್ಲಿ ರಂಗನಾಥನ ಉತ್ಸವ ಮಠದ ಬಾಗಿಲಿಗೆ ಬಂದಾಗ ರಾಮಾನುಜರು ನೋಡಲು ಬಾ ಎಂದು ಕರೆದರೆ, ಒಳಗೆ ಹಾಲು ಕಾಯಿಸುತ್ತಿದ್ದ ನಂಬಿ, ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕುತ್ತದೆ ಎಂದನಂತೆ. ಇನ್ನೊಮ್ಮೆ ಗುರುಗಳು ಉಂಡು ಮಿಕ್ಕಿದ್ದನ್ನು ತಿಂದು, ಕೈ ತೊಳೆಯದೆ ತಲೆಗೆ ಒರೆಸಿಕೊಂಡ. ರಾಮಾನುಜರು ಬೇಸರಪಟ್ಟು, ಕೈ ತೊಳೆಯಬೇಕು ಎಂದರು. ಮರುದಿನ ಅವರು ದೇವಸ್ಥಾನದ ಪ್ರಸಾದ ಕೊಟ್ಟರೆ ನಂಬಿ ಅದನ್ನು ತಿಂದು ನೀಟಾಗಿ ಕೈ ತೊಳೆದ. ದೇವರ ಪ್ರಸಾದ ತಿಂದು ಕೈ ತೊಳೆಯುವುದೇ ಎಂದು ಕೇಳಿದರೆ, ನಿನ್ನೆ ನೀವೇ ಹೇಳಿದ್ದನ್ನು ಮಾಡಿದೆ ಎಂದ. ಎಂಜಲು ಯಾವುದು, ಪ್ರಸಾದ ಯಾವುದು, ಕೈ ತೊಳೆಯಬೇಕಾದದ್ದು ಯಾವುದಕ್ಕೆ ಎಂಬ ಪ್ರಶ್ನೆಯನ್ನು ನಮ್ಮೂರವನೊಬ್ಬ ಗುರುವಿಗೇ ತಿರುಗಿಸಿದ ಕಥೆ ಇದು. ನಮ್ಮ ಮನೆಯಲ್ಲಿ ಇದನ್ನು ಹತ್ತಾರು ಸಲ ಹೇಳಿದ್ದಾರೆ, ಆದರೆ ಹಿತ್ತಲ ಕಲ್ಲಿಗೂ ಇದಕ್ಕೂ ನಂಟು ಹಾಕಿದವರಿಲ್ಲ.

ಒಳಗಿನ ನೀರನ್ನು ಹೊರಗೆ ಕಳಿಸುವ ವಿದ್ಯೆ ನಮಗೆ ಗೊತ್ತಿರಲಿಲ್ಲವೇ ಎಂದರೆ, ಚೆನ್ನಾಗಿಯೇ ಗೊತ್ತಿತ್ತು. ಯಾವ ಹಳೆಯ ದೇವಸ್ಥಾನದ ಗರ್ಭಗುಡಿಯ ಹಿಂದೆ ಹೋದರೂ ಗೋಡೆಯಿಂದ ಹೊರಚಾಚಿದ ಪ್ರಣಾಲ ಕಾಣುತ್ತದೆ. ಅಭಿಷೇಕದ ನೀರು ಒಳನೆಲದ ವಾಟದಲ್ಲಿ ಹರಿದು, ಗೋಡೆ ದಾಟಿ, ಮೊಸಳೆಬಾಯಿಯಿಂದ ಹೊರಬೀಳುತ್ತದೆ. ಪ್ರದಕ್ಷಿಣೆಯಲ್ಲಿ ಅದನ್ನು ದಾಟಬಾರದೆಂಬ ನಿಯಮವೂ ಇದೆ. ಹಂಪಿಯ ರಾಜಾವರಣದಲ್ಲಿ ಕಲ್ಲುಕಂಬಗಳ ಮೇಲೆ ಹೊತ್ತ ನೀರಿನ ದೋಣಿಗಳಿವೆ. ಅಲ್ಲೇ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕೂರಿಸಿದ ಕಲ್ಲಿನ ತಟ್ಟೆಗಳೂ ಇವೆ, ಪಲ್ಯಕ್ಕೊಂದು ಗುಳಿ, ಸಾರಿಗೊಂದು ಗುಳಿ. ತಟ್ಟೆಯೇ ನೀರಿನ ಪಕ್ಕಕ್ಕೆ ಬಂದು ಕೂತ ಆ ವ್ಯವಸ್ಥೆಯನ್ನು ನೋಡಿದಾಗ ನನಗೆ ವಿಜಯನಗರದವರು ಮುಸುರೆಯ ಸಮಸ್ಯೆಗೆ ಬಹಳ ಹತ್ತಿರ ಬಂದಿದ್ದರು ಅನಿಸುತ್ತದೆ. ನಮ್ಮ ಸೀಮೆಯವನೇ ಆದ ಮೂರನೆಯ ಮಂಗರಸ, ಈಗಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯನ್ನಾಳಿದ ಜೈನ ಕವಿ, 16ನೆಯ ಶತಮಾನದ ಆರಂಭದಲ್ಲಿ ಕನ್ನಡ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಭಕ್ಷ್ಯ, ಪಾನಕ, ಅನ್ನ, ತರಕಾರಿಗಳ ಪಾಕಕ್ಕೆ ಛಂದಸ್ಸು ಸಿಕ್ಕಿತು. ಪಾಕ ಮುಗಿದ ಮೇಲಿನ ಕೆಲಸಕ್ಕೆ ಶಾಸ್ತ್ರ ಬರೆಯಬೇಕೆಂದು ಯಾವ ಕಾಲದ ಕವಿಗೂ ಅನಿಸುವುದಿಲ್ಲವೇನೋ.

ಅಡುಗೆಮನೆಯೊಳಗೆ ಸಿಂಕು ನಿಲ್ಲಬೇಕಾದರೆ ಮೊದಲು ನೀರು ತಾನಾಗಿ ಮೇಲೇರಿ ಬರಬೇಕು. ಕೊಡದಲ್ಲಿ ಹೊತ್ತು ತಂದ ನೀರನ್ನು ನಿಂತು ಸುರಿದು ತೊಳೆಯುವ ಧಾರಾಳ ಯಾರಿಗೂ ಬರುವುದಿಲ್ಲ. ಬೆಂಗಳೂರಿಗೆ ಹೆಸರಘಟ್ಟ ಕೆರೆಯ ನೀರು ಕೊಳವೆಯಲ್ಲಿ ಬಂದದ್ದು 1896ರಲ್ಲಿ. ಎರಡೇ ವರ್ಷಕ್ಕೆ, 1898ರಲ್ಲಿ, ಪ್ಲೇಗೂ ಬಂತು. ಆಮೇಲೆ ಬಸವನಗುಡಿ, ಮಲ್ಲೇಶ್ವರಗಳು ಮನೆಯ ಹಿಂದಿನ ಕಿರುಗಲ್ಲಿಗಳ ಸಮೇತ ಎದ್ದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿಯಾಯಿತು. ಹೊಸ ಬಡಾವಣೆಗಳಲ್ಲಿ ನಲ್ಲಿ ಬಂತು, ಚರಂಡಿ ಬಂತು, ಆದರೂ ಮುಸುರೆಯ ಜಾಗ ಹಿಂಬದಿಯೇ. ನಲ್ಲಿ ಹಿತ್ತಲಲ್ಲಿ, ಬಚ್ಚಲು ಹಿತ್ತಲಲ್ಲಿ. ಮುಂಬಯಿಯ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ನಮ್ಮ ಕರಾವಳಿಯ ಕನ್ನಡಿಗರಿಗೆ ಈ ದೂರ ದಕ್ಕಲಿಲ್ಲ. ಅಲ್ಲಿ ಮೂಲೆಯ ಮೋರಿಯಲ್ಲೇ ಸ್ನಾನ, ಅಲ್ಲೇ ಪಾತ್ರೆ, ಎರಡು ಮಾರು ಆಚೆ ಸ್ಟೌ. ಮುಸುರೆಯನ್ನು ಒಳಗೆ ಬಿಟ್ಟುಕೊಂಡ ಮೊದಲಿಗರಲ್ಲಿ ಅವರನ್ನು ಎಣಿಸಬೇಕು.

ಹಳ್ಳಿಗೆ ಬರಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮಂತ್ರಿಯಾದ ಅಬ್ದುಲ್ ನಜೀರ್ ಸಾಬರು ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡರು. ಅವರೂ ಆಗಿನ ಮೈಸೂರು ಜಿಲ್ಲೆಯವರೇ, ಗುಂಡ್ಲುಪೇಟೆಯವರು. ಕೈಪಂಪಿನ ಮುಂದೆ ಸಾಲು, ಆಮೇಲೆ ಬೀದಿಯ ತೊಂಬೆ, ಆಮೇಲೆ ಬೀದಿ ನಲ್ಲಿ. ತೊಂಬೆಯ ಕಟ್ಟೆಯ ಮೇಲೇ ಹೆಂಗಸರು ಪಾತ್ರೆ ಬೆಳಗುತ್ತಿದ್ದರು. ನಾಲೆಯಲ್ಲಿ ನೀರು ಬಿಟ್ಟ ತಿಂಗಳುಗಳಲ್ಲಿ ನಾಲೆಯ ಮೆಟ್ಟಿಲ ಮೇಲೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ' ಆಯಿತು. ತಲೆಗೆ ದಿನಕ್ಕೆ 55 ಲೀಟರು ಎಂಬ ಲೆಕ್ಕ. ಒಳಗೆ ಬರುವ ನೀರಿಗೆ ಗಂಗೆಯ ಹೆಸರು. ಹೊರಗೆ ಹೋಗುವ ನೀರಿಗೆ ಸರ್ಕಾರಿ ಕಾಗದಗಳಲ್ಲಿ ಇರುವುದು 'ಬೂದು ನೀರು'. ಆ ನೀರಿನಲ್ಲಿ ಬೂದಿ ಮಾತ್ರ ಈಗ ಇಲ್ಲ.

ಬೂದಿ ಹೋಗದಿದ್ದರೆ ಸಿಂಕು ಬರುತ್ತಲೂ ಇರಲಿಲ್ಲ. ಸಿಂಕಿನ ಕೆಳಗೆ ಬಾಗಿದ ಕೊಳವೆಯೊಂದು ಇರುತ್ತದೆ, ಟ್ರ್ಯಾಪ್ ಅನ್ನುತ್ತಾರೆ. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತು ಚರಂಡಿಯ ವಾಸನೆಗೆ ಬಿರಡೆಯಾಗಿರುತ್ತದೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ ಲಂಡನ್ನಿನಲ್ಲಿ ಇದರ ಪೇಟೆಂಟು ಪಡೆದದ್ದು ಪಾಯಿಖಾನೆಗಾಗಿ. ಬೂದಿಯೂ ನಾರೂ ಆ ಬಾಗಿನಲ್ಲಿ ವಾರದೊಳಗೆ ಕಟ್ಟಿಕೊಳ್ಳುತ್ತವೆ. ಹಾಗಾಗಿ ಒಲೆ ಹೋಗಿ ಗ್ಯಾಸು ಬಂದ ಮೇಲೆಯೇ ಸಿಂಕು ಸಾಧ್ಯವಾಯಿತು. ಗ್ಯಾಸಿನ ಸ್ಟೌ ನೆಲದ ಮೇಲೆ ಕೂರುವುದಿಲ್ಲ, ಅದಕ್ಕೆ ಕಟ್ಟೆ ಬೇಕು. ಅಡುಗೆಯವರು ಎದ್ದು ನಿಂತರು. ಅಡುಗೆ ನಿಂತ ಮೇಲೆ ತೊಳೆಯುವುದೂ ನಿಂತುಕೊಳ್ಳಲೇಬೇಕಾಯಿತು. ಹಿತ್ತಾಳೆ ತಾಮ್ರಗಳ ಜಾಗಕ್ಕೆ ಸ್ಟೀಲು ಬಂದು ಕಲಾಯಿಯವನು ಬೀದಿಯಲ್ಲಿ ಕೂಗುವುದು ನಿಂತಿತು, ಹುಣಸೆಹಣ್ಣಿನ ಚರಟವೂ ಖಾಲಿಯಾಯಿತು. ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರೆಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿದ್ದು ಬಂದೂಕಿನ ನಳಿಗೆಗಾಗಿ. ನಮ್ಮ ಪಕ್ಕದ ಸೇಲಂನಲ್ಲಿ ಅದರ ಹಾಳೆಗಳು ತಯಾರಾಗತೊಡಗಿದ್ದು 1980ರ ದಶಕದಲ್ಲಿ. ಈಗ ಅಂಗಡಿಯವನು '304' ಎಂದು ಒತ್ತಿ ಹೇಳುವ ಸಿಂಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತವೆ.

ಇಲ್ಲಿ ಸ್ವಲ್ಪ ಹೊರದೇಶಕ್ಕೆ ಹೋಗಿ ಬರಬೇಕು. 1869ರಲ್ಲಿ ಕ್ಯಾಥರೀನ್ ಬೀಚರ್ ತನ್ನ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜೊತೆ ಮನೆವಾರ್ತೆಯ ಒಂದು ಪುಸ್ತಕ ಬರೆದಳು. ಆ ತಂಗಿಯೇ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದವಳು. ಕಿಟಕಿಯ ಬೆಳಕಿಗೆ ಸಿಂಕು, ಅದಕ್ಕೆ ಅಂಟಿಕೊಂಡೇ ಹಿಟ್ಟು ಕಲಸುವ ಹಲಗೆ: ಈಗ ನಾವು ಆಧುನಿಕ ಅಡುಗೆಮನೆ ಅನ್ನುವುದರ ಮೊದಲ ನಕ್ಷೆಗಳಲ್ಲೊಂದು ಅದರಲ್ಲಿದೆ. ಆಳುಗಳನ್ನು ನೆಚ್ಚಿಕೊಳ್ಳದೆ ಮನೆ ನಡೆಸುವುದು ಹೇಗೆ ಎಂಬುದು ಅದರ ಹಿಂದಿನ ಪ್ರಶ್ನೆ. 1926ರಲ್ಲಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ಕಾರ್ಮಿಕರ ವಸತಿಗೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದಾಗಲೂ ಲೆಕ್ಕ ಹಾಕಿದ್ದು ಆಳಿಲ್ಲದ ಮನೆಯ ಒಬ್ಬ ಹೆಂಗಸಿನ ಹೆಜ್ಜೆಗಳನ್ನೇ. ಸುಮಾರು ಹತ್ತು ಸಾವಿರ ಮನೆಗಳಿಗೆ ಅದು ಹೋಯಿತು. ಅಂದರೆ ಅಲ್ಲಿ ಸಿಂಕು ಬಂದದ್ದು ಆಳು ಹೋದ ಜಾಗಕ್ಕೆ. ನಮ್ಮಲ್ಲಿ ಸಿಂಕು ಬಂತು, ಆಳು ಹೋಗಲಿಲ್ಲ.

ನಮ್ಮ ಮನೆಗೆ ಮುಸುರೆಗೆ ಬರುತ್ತಿದ್ದಾಕೆಯ ಹೆಸರು ಇಲ್ಲಿ ಬೇಡ. ಅವರ ಅತ್ತೆಯೂ ನಮ್ಮ ಹಿತ್ತಲಿಗೆ ಬರುತ್ತಿದ್ದವರೇ. ಬರುವುದು ಹಿತ್ತಲ ಬಾಗಿಲಿಂದ, ಹೋಗುವುದೂ ಅಲ್ಲಿಂದಲೇ. ಬೆಳಗಿದ ಪಾತ್ರೆಗಳನ್ನು ಬೋರಲು ಹಾಕಿ ಜಗಲಿಯ ಮೇಲೆ ಜೋಡಿಸಿದರೆ, ಅಜ್ಜಿ ಬಂದು ಒಂದು ಚೊಂಬು ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಆ ನೀರು ಯಾವುದನ್ನು ತೊಳೆಯುತ್ತಿತ್ತು? ಪಾತ್ರೆಯಲ್ಲಿ ಕೊಳೆ ಇರಲಿಲ್ಲ, ಥಳಥಳ ಹೊಳೆಯುತ್ತಿತ್ತು. ಚಿಕ್ಕವನಾಗಿದ್ದಾಗ ನಾನೂ ಎಷ್ಟೋ ಸಲ ಆ ಚೊಂಬು ಹಿಡಿದಿದ್ದೇನೆ. ಅಜ್ಜಿ ಹೋದ ಮೇಲೆ ಚಿಮುಕಿಸುವುದು ನಿಂತಿತು, ಯಾರೂ ನಿಲ್ಲಿಸಿ ಎಂದು ಹೇಳಲಿಲ್ಲ. ಬಾಗಿಲು ಮಾತ್ರ ಹಾಗೇ ಉಳಿಯಿತು. ಮೂವತ್ತು ವರ್ಷ ನಮ್ಮ ತಟ್ಟೆ ತೊಳೆದವರು ನಮ್ಮ ಅಡುಗೆಮನೆಯ ನೆಲ ಯಾವ ಬಣ್ಣದ್ದೆಂದು ನೋಡಿರಲಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೆಲ್ಲ ಮುಗಿದಿದೆ ಎಂದುಕೊಂಡವರು ಮಾರಾಟದ ನಕ್ಷೆಗಳನ್ನು ಒಮ್ಮೆ ನೋಡಬೇಕು. ಅಡುಗೆಮನೆಯ ಹಿಂದೆ ಮೂರೂವರೆ ಅಡಿ ಅಗಲದ 'ಯುಟಿಲಿಟಿ' ಇರುತ್ತದೆ, ಅಲ್ಲಿ ಎರಡನೆಯ ಸಿಂಕು. ಒಳಗಿನ ಗ್ರಾನೈಟಿನ ಸಿಂಕಿನಲ್ಲಿ ದ್ರಾಕ್ಷಿ ತೊಳೆಯುತ್ತಾರೆ, ಹೊರಗಿನದರಲ್ಲಿ ಕೆಲಸದವರು ಕುಕ್ಕರು ತಿಕ್ಕುತ್ತಾರೆ. ಗಾಳಿ ಬೆಳಕು, ಸದ್ದು, ಒದ್ದೆ ಎಂದು ಕಾರಣಗಳನ್ನು ಕೊಡಬಹುದು, ಕೆಲವು ನಿಜವೂ ಹೌದು. ನನಗಂತೂ ಹದಿನಾಲ್ಕನೆಯ ಮಹಡಿಯಲ್ಲಿ ನಮ್ಮ ಹಿತ್ತಲೇ ಕಾಣುತ್ತದೆ, ಬಾಳೆಗಿಡವೊಂದಿಲ್ಲ.

ಹಾಗಾಗಿ ಅಮ್ಮ "ಆಯ್ತು, ಒಳಗೇ ಕೂರಿಸಿ" ಎಂದಾಗ ಅವರು ಒಪ್ಪಿದ್ದು ಏನನ್ನು ಎಂದು ನನಗೆ ಪೂರ್ತಿ ಗೊತ್ತಾಗಲಿಲ್ಲ. ಎರಡು ಷರತ್ತು ಹಾಕಿದರು. ಸಿಂಕು ದೇವರ ಗೂಡಿನ ಎದುರು ಗೋಡೆಗೆ ಇರಬೇಕು. ಅಕ್ಕಿ ತೊಳೆದ ನೀರು ಅದಕ್ಕೆ ಬೀಳಕೂಡದು. ಹಸು ಮಾರಿ ಬಹಳ ವರ್ಷವಾಗಿದೆ, ಆದರೂ ಸಿಂಕಿನ ಕೆಳಗೆ ಟ್ರ್ಯಾಪಿನ ಪಕ್ಕ ಒಂದು ಬಕೆಟ್ಟಿಗೆ ಜಾಗ ಬಿಡಿಸಿದರು. ಕಲಗಚ್ಚು ಈಗ ಪಕ್ಕದ ಬೀದಿಯ ಒಂದು ಎಮ್ಮೆಗೆ ಹೋಗುತ್ತದೆ.

ಕೆಲಸ ಸುಲಭವಾಗಿರಲಿಲ್ಲ. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಒಳಗೆ ನೀರು ಒಸರಿದರೆ ಗೋಡೆ ಕರಗುತ್ತದೆ. ಹುಡುಗ ಮೊದಲು ಅಗಲವಾದ ಕೊಳವೆಯೊಂದನ್ನು ಗೋಡೆಯಲ್ಲಿ ತೂರಿಸಿ, ಸುತ್ತ ಸಿಮೆಂಟು ಕಟ್ಟಿ, ಅದರೊಳಗೆ ಸಿಂಕಿನ ಕೊಳವೆಯನ್ನು ಬಿಟ್ಟ. ಒಸರಿದರೂ ಹೊರಗೇ ಬರಲಿ ಎಂದು. ಅಡಿಗೆ ಕಾಲು ಇಂಚು ವಾಟ. ಬೀದಿಯ ಚರಂಡಿಗೆ ಬಿಡೋಣ, ಹತ್ತಿರ ಎಂದ. ಚರಂಡಿಯ ನೀರು ಹಳ್ಳಕ್ಕೆ, ಹಳ್ಳ ಕಾವೇರಿಗೆ, ಕಾವೇರಿ ಕನ್ನಂಬಾಡಿಗೆ. ಅಲ್ಲಿಂದ ಮೈಸೂರಿನ ನಲ್ಲಿಗೂ ಬೆಂಗಳೂರಿನ ನನ್ನ ಬಾಡಿಗೆ ಮನೆಯ ನಲ್ಲಿಗೂ. ಅಮ್ಮನ ಮುಸುರೆ ನನಗೇ ತಲುಪುವ ದಾರಿ ಅದು. ಹಿತ್ತಲಲ್ಲೇ ಇಂಗುಗುಂಡಿ ತೆಗೆಸಿ, ಜಲ್ಲಿ ತುಂಬಿಸಿ, ಅದರ ಪಕ್ಕಕ್ಕೆ ಎರಡು ಬಾಳೆಕಂದು ನೆಟ್ಟೆವು. ಸಾಬೂನಿನ ನೀರಿಗೆ ಅವು ಹೇಗೆ ಬರುತ್ತವೋ ನೋಡಬೇಕು.

ಸಂಜೆ ಸಿಲಿಕಾನು ಒಣಗಿದ ಮೇಲೆ ಅಮ್ಮ ಒಂದು ಕಾಫಿ ಲೋಟ ತೊಳೆದು ನೋಡಿದರು. ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಎಂದಿನಂತೆ ಹಿತ್ತಲಿಗೆ ಬಂದರು. ಕಲ್ಲಿನ ಮೇಲೆ ಪಾತ್ರೆಗಳಿರಲಿಲ್ಲ. ಅಮ್ಮ ಒಳಗಿಂದ "ಇಲ್ಲಿ ಬಾ, ಇನ್ಮೇಲೆ ಇಲ್ಲೇ" ಎಂದರು. ಆಕೆ ಹೊಸ್ತಿಲವರೆಗೆ ಬಂದು, ವಾಪಸು ಹೋಗಿ, ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು ಒಳಗೆ ಬಂದರು. ಸಿಂಕಿನ ಮುಂದೆ ನಿಂತರೆ ಮೊಣಕೈ ಕಟ್ಟೆಯ ಅಂಚಿಗೆ ತಗಲುತ್ತಿತ್ತು. ಕಟ್ಟೆಯ ಎತ್ತರಕ್ಕೆ ಅಳತೆ ತೆಗೆದದ್ದು ಅಮ್ಮನನ್ನು ನಿಲ್ಲಿಸಿ. ಆಕೆ ಅಮ್ಮನಿಗಿಂತ ಅರ್ಧ ಅಡಿ ಗಿಡ್ಡ, ಅವರನ್ನು ಕೇಳಬೇಕೆಂದು ನಮಗಾರಿಗೂ ಹೊಳೆದಿರಲಿಲ್ಲ. "ಎತ್ರ ಆಯ್ತು ಕಣಮ್ಮ" ಎಂದು ನಕ್ಕರು.

ಅಮ್ಮ ಸುತ್ತ ನೋಡಿದರು. ಗೋಡೆಗೆ ಒರಗಿಸಿದ್ದ ಊಟದ ಮಣೆಯನ್ನು ತಂದು ಸಿಂಕಿನ ಮುಂದೆ ಹಾಕಿದರು.